ಮಧ್ಯಾಹ್ನ ನಾವು ಯಾರ ಮನಿಗೂ ಬರಂಗಿಲ್ಲ

ಮೇ ತಿಂಗಳು ಬಂತಂದ್ರ ನಮ್ಮ ಹುಬ್ಬಳ್ಳಿ ಮನಿಗಳೊಳಗ ಎರಡು ಯಾದಿ ತಯಾರಾಗತಾವ. ಒಂದು ಹಪ್ಪಳ, ಸಂಡಿಗಿ, ಉಪ್ಪಿನಕಾಯಿ ಯಾದಿ. ಇನ್ನೊಂದು, ಅಮೆರಿಕಾದಿಂದ ಮಗಾ, ಸೊಸಿ, ಮೊಮ್ಮಕ್ಕಳು ಬಂದ ಮ್ಯಾಲೆ ಯಾರ್ಯಾರ ಮನಿಗೆ ಕರಕೊಂಡು ಹೋಗಬೇಕು ಅನ್ನೋ ಯಾದಿ. ಮೊದಲನೇ ಯಾದಿ ಬಗ್ಗೆ ನಂದೇನೂ ತಕರಾರಿಲ್ಲ, ಸಂಡಿಗಿಗೆ ಬಿಸಲು ಬೇಕ ಬೇಕು. ಆದ್ರ ಮೊಮ್ಮಕ್ಕಳು ಸಂಡಿಗಿ ಅಲ್ಲರೀ.

ಬರೋವ್ರಿಗೆ ಬುದ್ಧಿ ಹೇಳೋ ಮಂದಿ ಬೇಕಾದಷ್ಟು ಇದ್ದಾರ. ಟೋಪಿ ತಗೊಂಡು ಬರ್ರಿ, ಹತ್ತಿ ಅರಿವಿ ತಗೊಂಡು ಬರ್ರಿ, ಡಾಕ್ಟರ್ ಕಡೆ ಟೈಫಾಯ್ಡ್ ಸೂಜಿ ಹಾಕಿಸ್ಕೊಂಡು ಬರ್ರಿ. ಎಲ್ಲಾ ಖರೇನ. ಅವರು ಅದನ್ನೆಲ್ಲಾ ಮಾಡಕೊಂಡ ಬರತಾರ, ಆರು ತಿಂಗಳ ಮೊದಲ ಟಿಕೀಟ್ ತಗಸಿ, ಹುಡುಗ್ರ ಒ.ಸಿ.ಐ. ಕಾರ್ಡ್ ಮಾಡಿಸಿ, ಬ್ಯಾಗಿನಾಗ ಒಂದು ಸಣ್ಣ ಔಷಧದ ಅಂಗಡಿನ ಇಟಗೊಂಡು ಬರತಾರ. ನನ್ನ ಜಗಳ ಅವರ ಜೋಡಿ ಅಲ್ಲ. ಇಲ್ಲೇ ಕೂತು ಅವರ ಹತ್ತೊಂಬತ್ತು ದಿನಾನ ಹಂಚಿ ಹಾಕೋ ನಮ್ಮ ಜೋಡಿ.

ನಮ್ಮ ಓಣ್ಯಾಗಿನ ಒಂದು ಮನ್ಯಾಗ ಹೋದ ವರ್ಷ ಮಾಡಿದ ಯಾದಿ ನಾ ಕಣ್ಣಾರೆ ನೋಡೇನಿ. ಇರೋ ದಿವಸ 19, ಹೋಗೋ ಮನಿ 26, ದೇವರು 7. ಮನಿದೇವರು ಆ ಏಳರಾಗ ಹಿಡದಿದ್ದಿಲ್ಲ, ಅದು ಬ್ಯಾರೆ. ಬಂದವು ಎರಡು ಕೂಸು, ಒಂದಕ್ಕ ಆರು ವರ್ಷ, ಇನ್ನೊಂದಕ್ಕ ಮೂರು. ಬಂದ ನಾಕನೇ ದಿವಸಕ್ಕ ಗದಗಿನಾಗ ಮಧ್ಯಾಹ್ನ ಊಟ, ಬಾಗಲಕೋಟಿಯೊಳಗ ಸಂಜಿ ಚಹಾ. ಚಹಾ ಆಗೋದ್ರಾಗ ಸಣ್ಣದು ಎರಡು ಸರ್ತೆ ವಾಂತಿ ಮಾಡಕೊಂಡು ತಾಯಿ ಹೆಗಲ ಮ್ಯಾಲೆ ಕುತ್ತಿಗಿ ಚೆಲ್ಲಿತ್ತು. ಮುಂಜಾನೆ ಎಂಟಕ್ಕ ಒಂದಕ್ಕ ಹೋಗಿದ್ದು ಮತ್ತ ಹೋಗೇ ಇಲ್ಲಾ ಅನ್ನೋದು ತಾಯಿಗೊಬ್ಬಾಕಿಗೇ ನೆನಪಿತ್ತು. ಆ ರಾತ್ರಿ ದವಾಖಾನ್ಯಾಗ ಸಲಾಯಿನ್. ಕೂಸು ಆರಾಮಾತು, ದೇವರ ದಯಾ. ಆದ್ರ ಮರುದಿವಸ ಆ ಯಾದಿ ರದ್ದಾಗಲಿಲ್ಲ, ಎರಡು ದಿವಸ ಮುಂದಕ್ಕ ಹೋತು ಅಷ್ಟ. ಒಬ್ಬರು ನೀರು ಬದಲಾತು ಅಂದ್ರು, ಇನ್ನೊಬ್ಬರು ದೃಷ್ಟಿ ಆಗೇದ ಅಂದು ಉಪ್ಪು ಮೆಣಸಿನಕಾಯಿ ಇಳಸಿದ್ರು. ಬಿಸಲಿನ ಹೆಸರು ಯಾರೂ ಎತ್ತಲಿಲ್ಲ. ಬಿಸಲಂದ್ರ ನಮ್ಮ ಮನಿ ಮಂದಿ ಇದ್ದಂಗ, ಅದರ ಮ್ಯಾಲೆ ತಪ್ಪು ಹೊರಸಲಿಕ್ಕೆ ನಮಗ ಮನಸು ಬರಂಗಿಲ್ಲ.

"ನಾವೇನ ಇದ ಬಿಸಲಾಗ ಬೆಳದಿಲ್ಲೇನು?" ಇದು ನಮ್ಮ ಹಿರಿಯರ ರಾಮಬಾಣ. ಬೆಳದೇವಿ, ಇಲ್ಲಂತ ಯಾರಂದ್ರು? ಆದ್ರ ಹೆಂಗ ಬೆಳದಿವಿ ಅನ್ನೋದು ಒಂದೀಟು ನೆನಪು ಮಾಡಕೋರಿ. ಶಿವರಾತ್ರಿಗೆ ಥಂಡಿ ಶಿವ ಶಿವಾ ಅಂತ ಹೋಗತಿತ್ತು. ಹೋಳಿ ಹುಣ್ಣಿವಿಗೆ ಒಂದೀಟು ಸೆಕಿ, ಯುಗಾದಿಗೆ ಇನ್ನೊಂದೀಟು, ಬಸವ ಜಯಂತಿ ಹೊತ್ತಿಗೆ ಪೂರಾ ಧಗಿ. ಎರಡು ತಿಂಗಳ ತನಕ ಮೈ ಒಂದೊಂದ ಮೆಟ್ಟಲ ಏರಿ ರೂಢಿ ಮಾಡಕೋತಿತ್ತು. ಡಾಕ್ಟರ್ ಮಂದಿ ಹೇಳೋದೂ ಇದನ್ನ: ಹೊಸಾ ಬಿಸಲಿಗೆ ಮೈ ಹೊಂದಲಿಕ್ಕೆ ಒಂದರಿಂದ ಎರಡು ವಾರ ಬೇಕು. ಅದೂ ದಿನಾ ಸ್ವಲ್ಪ ಸ್ವಲ್ಪ ಹೊರಗ ಅಡ್ಡಾಡಿದ್ರ. ನಿಮ್ಮ ಮೊಮ್ಮಗಾ ಆ ಮೆಟ್ಟಲೆಲ್ಲಾ ಬಿಟ್ಟು, ವಿಮಾನದಿಂದ ಇಳದವನ ಸೀದಾ ಮಾಳಿಗಿ ಮ್ಯಾಲಿಂದ ಜಿಗದಂಗ ಬಂದಿರತಾನ.

ಮ್ಯಾಲೆ ಒಂದು ಮಾತು ಅಂತಾರ, "ಅವರು ಟೆಕ್ಸಾಸ್‌ದಾಗ ಇರತಾರ, ಅಲ್ಲೂ ಬಿಸಲು ಇರತದಲಾ". ಇರತದ, ಡಲ್ಲಾಸ್‌ದಾಗ ನಮ್ಮ ರಾಯಚೂರಿನ ಹಂಗನ 40 ಡಿಗ್ರಿ ಆಗತದ. ಆದ್ರ ಮನಿ ಎ.ಸಿ., ಕಾರು ಎ.ಸಿ., ಸಾಲಿ ಎ.ಸಿ., ಅಂಗಡಿ ಎ.ಸಿ. ಆ ಕೂಸಿನ ಅಡ್ರೆಸ್ ಬಿಸಲಾಗ ಅದ, ಮೈ ಅಲ್ಲ. ಅದರಾಗ ಸಣ್ಣ ಹುಡುಗ್ರ ಮೈ ದೊಡ್ಡವರ ಮೈ ಹಂಗ ಅಲ್ಲ. ಅವರ ತೂಕದ ಲೆಕ್ಕಕ್ಕ ಚರ್ಮ ಹೆಚ್ಚು, ಹಿಂಗಾಗಿ ಹೊರಗಿನ ಝಳ ಲಗೂನ ಒಳಗ ಹೋಗತದ. ಬೆವರು ದೊಡ್ಡವರಕಿಂತ ಕಡಿಮಿ. ನೀರಡಿಕಿ ಆಗೇದ ಅಂತ ಹೇಳಲಿಕ್ಕೂ ಆಟದಾಗ ಮರೀತಾವ. ನೀವು "ಎಷ್ಟ ನಾಜೂಕ ಬೆಳಿಸ್ಯಾರ ನೋಡವಾ" ಅಂತೀರಿ. ನಾಜೂಕಲ್ಲ, ಅದು ಮೈ ಲೆಕ್ಕ.

ಇನ್ನ ನಾವು ಬೆಳದ ಮನಿ ನೋಡ್ರಿ. ಮಣ್ಣಿನ ಮಾಳಿಗಿ, ಮೊಳ ದಪ್ಪ ಗ್ವಾಡಿ, ಕತ್ತಲಿ ನಡುಮನಿ, ಮಧ್ಯಾಹ್ನ ಊಟ ಆತಂದ್ರ ಚಾಪಿ ಹಾಸಿ ಎಲ್ಲಾರನ್ನೂ ಸಾಲಾಗಿ ಒಗೀತಿದ್ರು. ಹನ್ನೊಂದರ ಮ್ಯಾಲೆ ಅಂಗಳಕ್ಕ ಕಾಲಿಟ್ರ ಅಜ್ಜ ಕಾಲು ಮುರೀತೇನಿ ಅಂತಿದ್ದ. ನಾಕರ ತನಕ ಓಣ್ಯಾಗ ನಾಯಿ ಸುದ್ಧಾ ಇರತಿದ್ದಿಲ್ಲ. ಅಂದ್ರ ನಾವು ಬಿಸಲಾಗ ಬೆಳದವರಲ್ಲರೀ, ಬಿಸಲಿನಿಂದ ಮುಚ್ಚಿಟ್ಟು ಬೆಳಸಿದವರು! ಆ ಶಾಣ್ಯಾತನ ಮರತು, "ಬಿಸಲಾಗ ಬೆಳದಿವಿ" ಅನ್ನೋ ಜಂಬ ಒಂದ ಇಟಗೊಂಡು ಕೂತೇವಿ.

ಸರಕಾರಕ್ಕ ಇದ್ದಷ್ಟು ಬುದ್ಧಿನೂ ನಮಗ ಇರಬಾರದೇನು? ಕಲಬುರಗಿ ವಿಭಾಗದ ಜಿಲ್ಲಾಗಳು, ಅದರ ಜೋಡಿ ವಿಜಯಪುರ, ಬಾಗಲಕೋಟ, ಇಲ್ಲೆಲ್ಲಾ ಏಪ್ರಿಲ್ ಮತ್ತು ಮೇ ತಿಂಗಳು ಸರಕಾರಿ ಕಚೇರಿ ಮುಂಜಾನೆ 8ಕ್ಕ ತಗದು ಮಧ್ಯಾಹ್ನ 1:30ಕ್ಕ ಮುಚ್ಚತಾರ. ಕಲಬುರಗಿ ಬಿಸಲಾಗ ಹುಟ್ಟಿ ಬೆಳದ ಗುಮಾಸ್ತನಿಗೆ ಆಗದ ಬಿಸಲು ಮೂರು ವರ್ಷದ ಕೂಸಿಗೆ ಆಗತದ ಅಂತ ನಾವು ಹೆಂಗ ತಿಳಕೋತೇವಿ ನನಗಂತೂ ಗೊತ್ತಾಗವಲ್ದು. ಗುಮಾಸ್ತ ಕೀಲಿ ಹಾಕ್ಕೊಂಡು ಮನಿಗೆ ಹೋಗೋ ಹೊತ್ತಿನಾಗ ನಾವು ಕಾರಿನ ಕೀಲಿ ತಗೊಂಡು "ನಡೀರಿ, ಕಾಕಾನ ಮನ್ಯಾಗ ತಾಟು ಹಾಕ್ಯಾರಂತ" ಅಂತೇವಿ.

ಆ 1:30ರದ್ದು ಇನ್ನೊಂದು ಮಜಾ ಅದ. ನಮಗೂ ಡಲ್ಲಾಸಕ್ಕೂ ಬ್ಯಾಸಗಿಯೊಳಗ ಹತ್ತೂವರೆ ತಾಸಿನ ಫರಕು. ನಿಮ್ಮ ತಾಟಿನಾಗ ಹೋಳಿಗಿ ಬೀಳೋ ಮಧ್ಯಾಹ್ನ 1:30 ಅಂದ್ರ ಆ ಕೂಸಿನ ಮೈಗೆ ರಾತ್ರಿ 3. ನಿಮ್ಮನ್ನ ರಾತ್ರಿ ಮೂರಕ್ಕ ಎಬ್ಬಿಸಿ, ಜರದ ಅರಿವಿ ಹಾಕಿ, ಬಿಸಿ ಒಲಿ ಪಕ್ಕ ಕೂಡಿಸಿ, ಕಟ್ಟಿನ ಸಾರು ಉಣ್ಣು ಅಂದ್ರ ನೀವು ಏನ ಮಾಡತಿದ್ರಿ? ಅದು ಅಳತದ. ಅತ್ತರ "ಹಟ ಭಾಳ ಅದ" ಅಂತೀರಿ. ಮಲಗಿದ್ರ "ಮಂದಿ ಹಚ್ಚಿಕೊಳ್ಳಂಗಿಲ್ಲ" ಅಂತೀರಿ.

ಈಗ ನನ್ನ ಖರೇ ಮಾತಿಗೆ ಬರತೇನಿ. ಈ ಮಧ್ಯಾಹ್ನದ ಊಟಕ್ಕ "ಬ್ಯಾಡಾ" ಅನ್ನೋರು ಯಾರು?

ಮಗಾ ಅನ್ನಂಗಿಲ್ಲ. ಅವಗ ಎರಡು ವರ್ಷಕ್ಕೊಮ್ಮೆ ಬಂದಿರತಾನ, ಅವ್ವನ ಮನಸು ನೋಯಿಸಬಾರದು ಅಂತ ಬಾಯಿ ಮುಚಗೊಂಡು ಕಾರು ಹೊಡೀತಾನ. ಉಳದಾಕಿ ಸೊಸಿ. ಕೂಸಿನ ಕೆಂಪು ಮಾರಿ, ಒಣಾ ತುಟಿ ಅಕಿಗೆ ಕಾಣತದ. ಒಂದು ದಿವಸ ತಡಕೊಂಡು, ಎರಡು ದಿವಸ ತಡಕೊಂಡು, ಮೂರನೇ ದಿವಸ "ಅತ್ತಿ, ಇವತ್ತ ಹುಡುಗ್ರನ್ನ ಮನ್ಯಾಗ ಬಿಡೋಣೇನ್ರಿ?" ಅಂತಾಳ. ಅಷ್ಟ ಸಾಕು. ಸಂಜಿಯೊಳಗ ಹುಬ್ಬಳ್ಳಿಯಿಂದ ಬೆಳಗಾವಿ ತನಕ ಸುದ್ದಿ: ಅಮೆರಿಕಾಕ್ಕ ಹೋಗಿ ಭಾಳ ಧಿಮಾಕ ಬಂದದ, ನಮ್ಮ ಮನಿ ನೀರು ಕುಡಿಯಂಗಿಲ್ಲ, ಉಡಿ ತುಂಬತೇನಿ ಅಂದ್ರೂ ಬರಲಿಲ್ಲ. ಆ ಮಾತು ಹೊಂಟಿದ್ದು ಎಲ್ಲಿಂದ ಅಂತ ಹುಡುಕಿದ್ರ ಭಾಳ ಸರ್ತೆ ನಮ್ಮ ಅಡಗಿಮನಿ ಫೋನಿನಿಂದನ ಹೊಂಟಿರತದ.

ಅದಕ್ಕ ನಾ ಹೇಳೋದು, "ಬ್ಯಾಡಾ" ಅನ್ನೋದು ಅತ್ತಿಯ ಕೆಲಸ. ಬೀಗರಿಗೆ, ಕಾಕಾಗ, ಮೌಶಿಗೆ, ಮಠದ ಆಚಾರ್ಯರಿಗೆ, ಎಲ್ಲಾರಿಗೂ ನೀವ ಫೋನ್ ಮಾಡಿ ಹೇಳಬೇಕು. ಅವರು ವಿಮಾನ ಹತ್ತೋಕಿಂತ ಮೊದಲ ಹೇಳಬೇಕು. "ಹುಡುಗ್ರು ಬರೋರಿದ್ದಾರ, ಮೊದಲನೇ ವಾರ ಎಲ್ಲೂ ಬರಂಗಿಲ್ಲ. ಆಮ್ಯಾಲೂ ಮುಂಜಾನೆ 11ರಿಂದ ಸಂಜಿ 4ರ ತನಕ ಎಲ್ಲೂ ಬರಂಗಿಲ್ಲ. ನಾನ ಬ್ಯಾಡಾ ಅಂದೇನಿ." ಆ ಕಡೀ ವಾಕ್ಯ ಬಿಡಬ್ಯಾಡ್ರಿ, ಅದ ಔಷಧ. ನೀವು ಅಂದ್ರ ನಾಕು ಮಂದಿ ನಾಕು ದಿವಸ ಮುನಸಗೋತಾರ, ನಿಮಗ ಅವರ ಜೋಡಿ ನಲವತ್ತು ವರ್ಷದ ಲೆಕ್ಕಾಚಾರ ಅದ, ಸರಿ ಹೋಗತದ. ಸೊಸಿ ಅಂದ್ರ ಅಕಿ ಹೆಸರಿಗೆ ಜನ್ಮಪೂರ್ತಿ ಹತಗೋತದ.

ಭೆಟ್ಟಿ ಆಗಬಾರದಂತಲ್ಲ. 26 ಮನಿಗೆ ಕೂಸು ಹೋಗೋ ಬದಲಿ 26 ಮನಿ ಮಂದಿ ಕೂಸಿನ ಮನಿಗೆ ಬರಲಿ. ಒಂದು ಐತವಾರ ಸಂಜಿ ಆರಕ್ಕ, ಮಾಳಿಗಿ ಮ್ಯಾಲೆ ನೀರು ಹೊಡದು ಚಾಪಿ ಹಾಸಿ, ಗಿರಮಿಟ್ಟು, ಮಿರ್ಚಿ, ಪಾನಕ. ಉಡಿ ತುಂಬೋರು ಅಲ್ಲೇ ತುಂಬಲಿ. ಅಗದಿ ವಯಸ್ಸಾದವರು, ಹಾಸಗಿ ಹಿಡದವರು ಇದ್ರ ಅವರ ಮನಿಗೆ ಮುಂಜಾನೆ ಏಳಕ್ಕ ಹೋಗಿ ಕಾಲು ಮುಗದು ಎಂಟೂವರಿಗೆ ಬರ್ರಿ. ಅವರೂ ಆ ಹೊತ್ತಿನಾಗ ಎಚ್ಚರ ಇರತಾರ, ಛಲೋ ಮಾತಾಡತಾರ.

ಮುಂಜಾನೆ ಅಂದ ಕೂಡ್ಲೆ ನೆನಪಾತು, ದೇವರು ಕೊಟ್ಟ ಒಂದು ಅನುಕೂಲ ನಾವು ಯಾರೂ ಬಳಸೋದಿಲ್ಲ. ಅಮೆರಿಕಾದಿಂದ ಬಂದ ಹುಡುಗ್ರು ಮೊದಲ ವಾರ ರಾತ್ರಿ ಎರಡು-ಮೂರಕ್ಕ ಎದ್ದು ಕೂಡತಾವ. ಇಲ್ಲಿ ನಸುಕಿನ 3 ಅಂದ್ರ ಅಲ್ಲಿ ಹಿಂದಿನ ದಿವಸ ಸಂಜಿ 4:30, ಆಟದ ಹೊತ್ತು. ಮನಿ ಮಂದಿ ಎಲ್ಲಾ ತಲಿ ಚಚ್ಚಗೋತಾರ. ಯಾಕ? ಐದೂವರಿಗೆ ಬೆಳಕು ಹರಿಯೋದ್ರಾಗ ಉಣಕಲ್ಲ ಕೆರಿಗೆ ಕರಕೊಂಡು ಹೋಗ್ರಿ, ನೃಪತುಂಗ ಬೆಟ್ಟ ಹತ್ತಸ್ರಿ, ಹೂವಿನ ಬಜಾರ ತೋರಸ್ರಿ, ಹಾಲಿನಾವರ ಜೋಡಿ ಮಾತಾಡಸ್ರಿ. ಎಂಟರೊಳಗ ಬಿಸಿ ಇಡ್ಲಿ ತಿಂದು ಮನಿಗೆ ಬರ್ರಿ. ದಿನದ ನಾಕು ತಂಪು ತಾಸು ಅವಕ್ಕ ಪುಕ್ಕಟೆ ಸಿಕ್ಕಾವ. ಅವನ್ನ ಟಿ.ವಿ. ಮುಂದ ಕಳದು ಮಧ್ಯಾಹ್ನ ಹೊರಗ ಹೊಂಡತೀರಿ.

ಹುಡುಗ್ರಿಗೆ ನಾಡು ತೋರಸಬೇಕು ಅಂತೀರಿ, ತೋರಸ್ರಿ. ಆದ್ರ ಬದಾಮಿ ಗವಿ ಮಧ್ಯಾಹ್ನ ಎರಡಕ್ಕ ಯಾಕ? ಮೂರನೇ ಗವಿಯೊಳಗಿನ ಶಾಸನ ಕ್ರಿ.ಶ. 578ರದ್ದು. ಸಾವಿರದ ನಾಕನೂರು ವರ್ಷ ಮ್ಯಾಲಾತು, ಅದು ನಾಳೆ ಮುಂಜಾನೆ ತನಕ ಎಲ್ಲೂ ಓಡಿ ಹೋಗಂಗಿಲ್ಲ. ಆ ಕೆಂಪು ಕಲ್ಲು, ಹಂಪಿ ಬಂಡಿ, ಮಧ್ಯಾಹ್ನ ಹಂಚಾಗಿರತಾವ, ಸಂಜಿ ಆರಕ್ಕೂ ಝಳ ಬಿಡತಿರತಾವ. ಗುಡಿ ಸುದ್ದಿನೂ ಅಷ್ಟ. ಚಪ್ಪಲಿ ಹೊರಗ ಬಿಡಬೇಕು, ಖರೆ. ಅಂಗಾಲು ಮೆತ್ತಗಿದ್ದ ಕೂಸು ಹನ್ನೆರಡಕ್ಕ ಆ ಫರಸಿ ಮ್ಯಾಲೆ ಪ್ರದಕ್ಷಿಣಿ ಹಾಕೋದು ಭಕ್ತಿ ಅಲ್ಲ, ಅದು ಶಿಕ್ಷಾ. ದೇವರು ಕಾಕಡಾರತಿಗೂ ಅಲ್ಲೇ ಇರತಾನ. ಇನ್ನ ಕೆಲವರು, "ಬಂದದ್ದ ಬಂದೇವಿ, ದಿಲ್ಲಿ-ಆಗ್ರಾ-ಜೈಪುರ ಮುಗಿಸಿ ಬಿಡೋಣು" ಅಂತಾರ. ಮೇ ಕಡೀಗೆ, ಜೂನ್ ಮೊದಲಿಗೆ, ಉತ್ತರದ ಆ ಬಯಲಾಗ 45 ಡಿಗ್ರಿ, ಮ್ಯಾಲೆ ಬಿಸಿಗಾಳಿ. ತಾಜಮಹಲ್ ಮುಂದ ಕಣ್ಣು ಮುಚಗೊಂಡು ನಿಂತ ಹುಡುಗ್ರ ಫೋಟೋ ಎಷ್ಟು ಮನಿ ಗ್ವಾಡಿ ಮ್ಯಾಲೆ ನೋಡೇನಿ ನಾ.

ಮುಂಜವಿ ಬಗ್ಗೆ ಬರೀದ ಬಿಟ್ರ ನನಗ ನಿದ್ದಿ ಬರಂಗಿಲ್ಲ. "ಹೆಂಗಿದ್ರೂ ಬರಲಿಕ್ಕತ್ತಾರ, ಅದನ್ನೂ ಮುಗಿಸಿ ಬಿಡೋಣು" ಅಂತ ಎಂಟು ವರ್ಷದ ವಟುನ್ನ ಮೇ ತಿಂಗಳದಾಗ ತಲಿ ಬೋಳಿಸಿ, ಹೋಮದ ಮುಂದ ನಾಕು ತಾಸು ಕೂಡಸತಾರ. ಬಂದು ಐದು ದಿವಸ ಆಗಿರತದ. ಉಪವಾಸ ಬ್ಯಾರೆ. ಮಾಡ್ರಿ, ಬ್ಯಾಡನ್ನಂಗಿಲ್ಲ. ಆದ್ರ ಬಂದು ಎರಡು ವಾರ ಆದ ಮ್ಯಾಲೆ ಮಾಡ್ರಿ, ಲಗೂ ಮುಹೂರ್ತ ಕೇಳ್ರಿ, ಆರಕ್ಕ ಶುರು ಮಾಡ್ರಿ, ಭಟ್ಟರನ್ನ ಕೇಳಿ ನಡುನಡು ಹಾಲು, ಎಳನೀರು ಕುಡಸ್ರಿ. ಭಟ್ಟರು ಒಪ್ಪತಾರ. ಒಪ್ಪದವರು ಯಾರಂದ್ರ ಹನ್ನೆರಡಕ್ಕ ಊಟಕ್ಕ ಬರೋ ಮಂದಿ, ಅವರಿಗೆ ಹೋಮ ಅರ್ಧ ನೋಡಲಿಲ್ಲ ಅನ್ನೋ ದುಃಖ ಆಗತದಂತ. ಲಗ್ನದ್ದೂ ಹಿಂಗ. ಅಕ್ಕಿಕಾಳು ಹಾಕಲಿಕ್ಕೆ ಹೋಗ್ರಿ, ಮೊದಲನೇ ಪಂಕ್ತಿಗೆ ಉಣಿಸಿ ಕರಕೊಂಡು ಬರ್ರಿ. ಮೂರು ವರ್ಷದ ಕೂಸಿಗೆ ಶೇರವಾನಿ ಹಾಕಿಸಿದವರ ಜೋಡಿ ನಾ ಮಾತಾಡಂಗಿಲ್ಲ.

ಮ್ಯಾಲಿನ ಖೋಲಿ ಅಂತ ಒಂದಿರತದ ಎಲ್ಲಾರ ಮನ್ಯಾಗ. "ಮಗಾ ಬಂದಾಗ ಇರಲಿ" ಅಂತ ಹತ್ತು ಲಕ್ಷ ಹಾಕಿ ಕಟ್ಟಿಸಿದ್ದು. ಮ್ಯಾಲೆ ಸ್ಲ್ಯಾಬ್, ಸ್ಲ್ಯಾಬ್ ಮ್ಯಾಲೆ ಸೂರ್ಯ. ಹಗಲೆಲ್ಲಾ ಕಾದ ಸ್ಲ್ಯಾಬ್ ಆ ಬಿಸೀನ ರಾತ್ರಿ ಹನ್ನೆರಡರ ತನಕ ಕೆಳಗ ಇಳಸತದ. ಎ.ಸಿ. ಕೂಡಿಸೇವಲಾ ಅಂತೀರಿ. ಕರೆಂಟ್ ಹೋತಂದ್ರ ನಿಮ್ಮ ಇನ್ವರ್ಟರ್ ಮ್ಯಾಲೆ ಫ್ಯಾನ್ ತಿರಗತದ, ಎ.ಸಿ. ತಿರಗಂಗಿಲ್ಲ. ಆ ಫ್ಯಾನ್ ಸ್ಲ್ಯಾಬಿನ ಬಿಸಿಗಾಳಿನ್ನ ಕೂಸಿನ ಮ್ಯಾಲೆ ಸುರವತದ. ಮನ್ಯಾಗ ಅಗದಿ ತಂಪು ಖೋಲಿ ಯಾವುದು? ಕೆಳಗಿನ ನಡುಮನಿ ಇಲ್ಲಾ ದೇವರ ಮನಿ ಪಕ್ಕದ ಖೋಲಿ, ಅಲ್ಲೇ ನೀವು ಮಲಗಿರತೀರಿ. ಅದನ್ನ ಬಿಟ್ಟು ಕೊಡ್ರಿ. ಅತಿಥಿಗೆ ಮರ್ಯಾದಿ ಅಂದ್ರ ಹೊಸಾ ಖೋಲಿ ಅಲ್ಲ, ತಂಪು ಖೋಲಿ.

ನೀರು ಮತ್ತು ತಿನ್ನೋದ್ರಾಗ ನಾ ಎರಡೂ ಪಕ್ಷಕ್ಕ ಬೈತೇನಿ. ಹುಡುಗ್ರಿಗೆ ಕುದಿಸಿ ಆರಿಸಿದ ನೀರು ಕೊಟ್ರ ನಮ್ಮ ನಳಕ್ಕ ಅಪಮಾನ ಆಗಂಗಿಲ್ಲ, ಮುನಸಗೋಬ್ಯಾಡ್ರಿ. ಹೊರಗಿನ ಕಬ್ಬಿನ ಹಾಲಿನಾಗ ಹಾಕೋ ಬರ್ಫ್ ಯಾವ ನೀರಿಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದ್ರ ಬರೋವ್ರೂ ಒಂದೀಟು ಕೇಳ್ರಿ, ಧಾರವಾಡ ಆಪೂಸು ಸೀಜನ್ನಿನಾಗ ಬಂದು, ಹುಡುಗ್ರಿಗೆ ಡಬ್ಬಿಯಾಗಿನ ಬಿಸ್ಕೀಟ ತಿನಿಸಿ ಕರಕೊಂಡು ಹೋಗೋದು ಪಾಪದ ಕೆಲಸ. ತೊಳದು, ಮನ್ಯಾಗ ಹೆಚ್ಚಿದ ಹಣ್ಣಿಗೆ ಏನೂ ಆಗಂಗಿಲ್ಲ. ಒಲಿಯಿಂದ ಇಳದ ಬಿಸಿ ಅನ್ನಕ್ಕ, ಉಗೆ ಏಳೋ ಇಡ್ಲಿಗೆ ಏನೂ ಆಗಂಗಿಲ್ಲ. ಮನಿ ಮೊಸರಿನ ನೀರು ಮಜ್ಜಿಗಿ, ಒಂದು ಚಿಟಿಕಿ ಉಪ್ಪು, ಅದಕ್ಕಿಂತ ಛಲೋ ಯಾವುದದ?

ವಾಂತಿ-ಭೇದಿ ಹತ್ತಿದ್ರ ಮಾತ್ರ ಮಜ್ಜಿಗಿ ಮ್ಯಾಲೆ ಕೂಡಬ್ಯಾಡ್ರಿ, ಒ.ಆರ್.ಎಸ್. ಕೊಡ್ರಿ. ಪುಡಿ ಪ್ಯಾಕೀಟು. ಅದರ ಮ್ಯಾಲೆ ಒಂದು ಲೀಟರ್ ಅಂತ ಬರದಿದ್ರ ಇಡೀ ಪ್ಯಾಕೀಟು ಒಂದು ಲೀಟರಿಗೆ. ಅರ್ಧ ಪುಡಿ, ಒಂದು ಗ್ಲಾಸು ನೀರು ಅಂತ ಅಂದಾಜಿನ ಅಡಗಿ ಇದರಾಗ ನಡಿಯಂಗಿಲ್ಲ, ಉಪ್ಪು ಹೆಚ್ಚಾಗತದ. ಚಮಚಾಲೆ ಚೂರು ಚೂರು ಕುಡಸ್ರಿ. ಅಂಗಡ್ಯಾಗ ಬಣ್ಣದ ಡಬ್ಬಿಯೊಳಗ ಹಣ್ಣಿನ ವಾಸನಿ ಹೊಡೀತಿದ್ದ "ಒ.ಆರ್.ಎಸ್." ಅದಾವಲಾ, ಅವುಗಳೊಳಗ ಭಾಳಷ್ಟು ಸಕ್ಕರಿ ನೀರು. ಸರಿಯಾದ ಲೆಕ್ಕದಾಗ ಇಲ್ಲದ ಪಾನಕಕ್ಕ ಆ ಹೆಸರು ಹಚ್ಚಬಾರದು ಅಂತ 2025ರ ಅಕ್ಟೋಬರದಾಗ ಆಹಾರ ಸುರಕ್ಷತಾ ಪ್ರಾಧಿಕಾರದವರು ಹುಕುಂ ಹೊಂಡಿಸ್ಯಾರ. ಇನ್ನ ಆರು ತಿಂಗಳೊಳಗಿನ ಕೂಸಿದ್ರ, "ಪಾಪ, ಬಾಯಿ ಒಣಗೇದ" ಅಂತ ಬೆರಳಿಲೆ ನೀರು ನೆಕ್ಕಸೋ ಅಜ್ಜಿಯರೇ, ಕೈ ಮುಗೀತೇನಿ, ಬ್ಯಾಡ. ಬ್ಯಾಸಗಿಯೊಳಗೂ ಅದಕ್ಕ ತಾಯಿ ಹಾಲು ಸಾಕು, ಇನ್ನೆರಡು ಸರ್ತೆ ಹೆಚ್ಚಿಗಿ ಕೊಡಲಿ ಅಷ್ಟ.

ಆರು ತಾಸು ಒಂದಕ್ಕ ಹೋಗಲಿಲ್ಲ, ಅಳೋವಾಗ ಕಣ್ಣೀರಿಲ್ಲ, ಕಣ್ಣು ಒಳಗ ಹೋಗ್ಯಾವ, ಜೋಲಿ ಹೊಡೀಲಿಕ್ಕತ್ತದ ಅಂದ್ರ ಡಾಕ್ಟರ್. ಮೈ ಕೆಂಡ ಆಗಿ ತಬ್ಬಿಬ್ಬು ಮಾತಾಡಲಿಕ್ಕತ್ತದಂದ್ರ ಜ್ವರದ ಔಷಧ ಹುಡುಕಬ್ಯಾಡ್ರಿ, ಆ ಬಿಸಿ ಅದಕ್ಕ ಕೇಳಂಗಿಲ್ಲ. ಅರಿವಿ ಬಿಚ್ಚಿ, ಮೈತುಂಬ ನೀರು ಹಾಕಿ, ಗಾಳಿ ಬೀಸಗೋತ ಸೀದಾ ದವಾಖಾನಿಗೆ ಹೋಗ್ರಿ. ಮತ್ತ ಕಾರಿನಾಗ "ಎರಡ ಮಿನಿಟ, ಸೀರಿ ಅಂಗಡಿಗೆ ಹೋಗಿ ಬರತೇವಿ" ಅಂತ ಮಲಗಿದ ಕೂಸಿನ್ನ ಬಿಟ್ಟು ಹೋಗೋ ಮಾತು ತಗೀಲೇಬ್ಯಾಡ್ರಿ. ಮುಚ್ಚಿದ ಕಾರು ಹತ್ತು ಮಿನಿಟದಾಗ ಹತ್ತು ಡಿಗ್ರಿ ಮ್ಯಾಲೆ ಏರತದ. ಸೀರಿ ಅಂಗಡ್ಯಾಗ ಎರಡು ಮಿನಿಟಕ್ಕ ಹೊರಗ ಬಂದ ಹೆಣ್ಣಮಗಳನ್ನ ನಾ ಇನ್ನೂ ನೋಡಿಲ್ಲ.

ಕಡೀಗೆ ಒಂದು ಪ್ರಶ್ನೆ, ಇಷ್ಟೆಲ್ಲಾ ಒದ್ದಾಡಿ ಮೇ ತಿಂಗಳದಾಗ ಯಾಕ ಕರಸತೀರಿ? ಟೆಕ್ಸಾಸ್ ಕಡೆ ಸಾಲಿ ಮೇ ಕಡೀಗೆ ಮುಗದು ಆಗಸ್ಟ್ ನಡುವ ತಗೀತಾವ. ನ್ಯೂಜೆರ್ಸಿ ಕಡೆ ಜೂನ್ ಕಡೀಗೆ, ಇಂಗ್ಲಂಡದಾಗ ಜುಲೈ ಕಡೀಗೆ ಸೂಟಿ. ಮಳಿ ಕೇರಳಕ್ಕ ಬರೋ ವಾಡಿಕಿ ದಿನ ಜೂನ್ 1, ಅಲ್ಲಿಂದ ವಾರ-ಹತ್ತು ದಿವಸಕ್ಕ ನಮ್ಮ ಕಡೆ. ಜೂನ್ ನಡುವಿನ ಮ್ಯಾಲೆ ಧಾರವಾಡದಂಥ ಊರು ಇನ್ನೊಂದದ ಏನು? ಜಿಟಿಜಿಟಿ ಮಳಿ, ಬಿಸಿ ಬಿಸಿ ಜ್ವಾಳದ ರೊಟ್ಟಿ, ಹುಡುಗ್ರು ಕೆಸರಿನಾಗ ಕುಣೀತಾವ. ಸೊಳ್ಳಿ ಇರತಾವ, ಪರದೆ ಕಟ್ರಿ. ಆದ್ರ ಆಷಾಢದಾಗ ಲಗ್ನ ಇರಂಗಿಲ್ಲಲಾ, ಅದಕ್ಕ ಯಾರಿಗೂ ಬ್ಯಾಡ. ಅತ್ಯಾನ ಮಗನ ಮೈದುನನ ಲಗ್ನ ತಪ್ಪತದಂತ ಹತ್ತು ವಾರದ ಸೂಟಿಯೊಳಗ ಅಗದಿ ಸುಡೋ ಮೂರು ವಾರ ಆರಸತಾರ.

ನಮ್ಮ ಮನಿಗೆ ಈ ವರ್ಷ ಜೂನ್ 16ಕ್ಕ ಬರತಾರ. ಗದಗಿನ ಕಾಕುಗ, ಬೆಳಗಾವಿ ಮೌಶಿಗೆ, ಇನ್ನ ಹನ್ನೊಂದು ಮನಿಗೆ ನಾನ ಫೋನ್ ಮಾಡಿ ಹೇಳಿ ಆತು. ಕಾಕು ಎರಡು ನಿಮಿಷ ಮಾತಾಡಲಿಲ್ಲ. ಆಮ್ಯಾಲೆ, "ಹಂಗಾರ ನಾವು ಬರೋವಾಗ ಏನ ಮಾಡಕೊಂಡು ಬರಲಿ?" ಅಂದ್ಲು. ಕರದಂಟು ತಾ ಅಂದೇನಿ.